ಕಲ್ಯಾಣದ ಅರಸನೂ ಏಳನೆಯ ಇಯತ್ತೆಯ ಸಂಗೀತ ಪೀರಿಯಡ್ಡೂ

ಕ್ರಿ.ಶ. 1129ರ ಸುಮಾರಿಗೆ ಕಲ್ಯಾಣದ ಅರಮನೆಯಲ್ಲಿ ಒಬ್ಬ ಅರಸ, ಜನ ಯಾವ ಹಾಡನ್ನು ಯಾವಾಗ ಹಾಡುತ್ತಾರೆ ಎಂದು ಬರೆದಿಟ್ಟ. ಕಥೆ ಹೇಳುವಾಗ ಷಟ್ಪದಿ. ಮದುವೆಮನೆಯಲ್ಲಿ ಧವಳ. ಉತ್ಸವದಲ್ಲಿ ಮಂಗಳ. ಜೋಗಿಗಳ ಬಾಯಲ್ಲಿ ಚರ್ಯೆ. ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ಓವಿ. ಬರೆದವನು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಗ್ರಂಥದ ಹೆಸರು ‘ಮಾನಸೋಲ್ಲಾಸ’. ಸಂಸ್ಕೃತದ ಗ್ರಂಥವಾದರೂ ಹಾಡಿನ ಮಾತು ಬಂದಾಗ ಅದು ಕನ್ನಡಕ್ಕೂ ಉಳಿದ ದೇಶಭಾಷೆಗಳಿಗೂ ಬಾಗಿಲು ತೆರೆಯುತ್ತದೆ. ಐದು ವಿಂಶತಿ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯ ಮೂರಕ್ಕೂ ಜಾಗವಿದೆ.

ಇಂದು ಪತ್ರಿಕೆಗಳಲ್ಲಿ ‘ಮಾನಸೋಲ್ಲಾಸ’ದ ಹೆಸರು ಬರುವುದು ಹೆಚ್ಚಾಗಿ ಇಡ್ಲಿಯ ಪೂರ್ವಜ ‘ಇಡ್ಡರಿಕಾ’ ಅದರಲ್ಲಿದೆ ಎಂಬ ಕಾರಣಕ್ಕೆ. ಹೊಟ್ಟೆಯ ಮಾತು ಬೇಗ ನೆನಪಾಗುತ್ತದೆ, ತಪ್ಪೇನಿಲ್ಲ. ಆದರೆ ಅದೇ ಅರಸನ ಮಗ ಎರಡನೆಯ ಜಗದೇಕಮಲ್ಲ (1138–1151) ‘ಸಂಗೀತ ಚೂಡಾಮಣಿ’ ಎಂಬ ಬೇರೆಯದೇ ಶಾಸ್ತ್ರಗ್ರಂಥ ಬರೆದ. ಮುಂದಿನ ಶತಮಾನದಲ್ಲಿ ದೇವಗಿರಿಯಲ್ಲಿ ಕುಳಿತು ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ ತನಗಿಂತ ಹಿಂದಿನ ಆಚಾರ್ಯರನ್ನು ಎಣಿಸುವಾಗ ಈ ತಂದೆ–ಮಗನ ಹೆಸರನ್ನೂ ಹೇಳಿದ್ದಾನೆ. ಆ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಅಂದರೆ, ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಶಾಲಾ ಹುಡುಗ ಕಾಲಿಡುವುದು ಸಂಗೀತಶಾಸ್ತ್ರ ಎರಡು ತಲೆಮಾರು ಬರೆಸಿಕೊಂಡ ಊರಿನಲ್ಲಿ.

ಆ ಹುಡುಗನಿಗೆ ಸಂಗೀತಶಾಸ್ತ್ರ ಹೇಗೆ ಸಿಗುತ್ತದೆ? ಸಂಗೀತದ ಪೀರಿಯಡ್ಡು ಅಂತ ಒಂದು ಇದ್ದರೆ, ಬಹಳಷ್ಟು ಕಡೆ ಹೀಗೆ: ‘ಬರೆದುಕೊಳ್ಳಿರಿ. ನಾದ ಎಂದರೇನು? ಶ್ರುತಿ ಎಂದರೇನು? ಥಾಟ್ ಎಂದರೇನು?’ ನೋಟ್‌ಬುಕ್ಕಿನ ಎರಡು ಪುಟ ತುಂಬುತ್ತದೆ. ಒಂದು ದನಿಯೂ ಹೊರಡುವುದಿಲ್ಲ. ಪಕ್ಕದ ತರಗತಿಗೆ ಗದ್ದಲವಾಗಬಾರದಲ್ಲ! ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದ ಮಗು ಪಾಸಾಗುತ್ತದೆ. ಪೇಟಿಯ (ಹಾರ್ಮೋನಿಯಂ) ಮೇಲೆ ಎರಡು ಸ್ವರ ಒತ್ತಿ ಯಾವುದು ಮೇಲಿನದು ಎಂದು ಕೇಳಿದರೆ ಮಾಸ್ತರರ ಮುಖ ನೋಡುತ್ತದೆ.

ಸೋಮೇಶ್ವರ ಹಿಡಿದದ್ದು ಇದಕ್ಕೆ ತಿರುವುಮುರುವಾದ ದಾರಿ. ಕುಟ್ಟುವ ಹೆಂಗಸರು ಮೊದಲಿಂದಲೂ ಹಾಡುತ್ತಲೇ ಇದ್ದರು. ಅರಸ ಆಮೇಲೆ ಅದಕ್ಕೆ ಅಧ್ಯಾಯದಲ್ಲಿ ಜಾಗ ಕೊಟ್ಟ. ಶಾಲೆಯಲ್ಲೂ ಕಿವಿಗೆ ಬಿದ್ದದ್ದಕ್ಕೆ ಹೆಸರು ಕೊಟ್ಟರೆ ಅದು ಅಂಟಿಕೊಳ್ಳುತ್ತದೆ. ಕೇಳದೇ ಇದ್ದದ್ದಕ್ಕೆ ಹೆಸರು ಕೊಟ್ಟರೆ ಪರೀಕ್ಷೆಯ ಮರುದಿನ ಉದುರುತ್ತದೆ.

ಒಂದು ತರಗತಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಪಕ್ಕದ ಹುಮನಾಬಾದ್ ತಾಲ್ಲೂಕಿನ ಯಾವುದೋ ಊರು, ಏಳನೆಯ ಇಯತ್ತೆ, 40 ಮಕ್ಕಳು, 40 ನಿಮಿಷ. ತಂಬೂರಿ ಇಲ್ಲ, ಭಜನಾ ಮಂಡಳಿಯಿಂದ ತಂದ ಒಂದು ಪೇಟಿ, ಒಂದು ಜೊತೆ ತಾಳ ಇವೆ. ಮಕ್ಕಳಿಗೆ ಏನೂ ಬರುವುದಿಲ್ಲ ಎಂದು ಶುರುಮಾಡುವ ಮಾಸ್ತರು ಅಲ್ಲೇ ಎಡವಿದಂತೆ. ಇವರೆಲ್ಲ ದಿನಾ ಪ್ರಾರ್ಥನೆಯಲ್ಲಿ ನಿಂತು ಹಾಡುವವರು. ರಾಷ್ಟ್ರಗೀತೆ ಬಹುಮಟ್ಟಿಗೆ ಬಿಲಾವಲ್ ಥಾಟಿನ ಶುದ್ಧ ಸ್ವರಗಳಲ್ಲಿದೆ. ಅದರ ಮೊದಲ ಹೆಜ್ಜೆಯೇ ಸ, ರಿ, ಗ ಎಂದು ಮೆಟ್ಟಿಲು ಹತ್ತಿ ಗಾಂಧಾರದ ಮೇಲೆ ಕೂತುಬಿಡುತ್ತದೆ. ವರ್ಷಗಟ್ಟಲೆ ಹಾಡಿದ ಮಗುವಿಗೆ ಈ ಮೆಟ್ಟಿಲು ಗಂಟಲಿಗೆ ಗೊತ್ತು. ಪದ ಬಿಟ್ಟು ‘ಸ ರಿ ಗ’ ಎಂದು ಹೇಳಿಸಿದರೆ ಸಾಕು, ಮೂರು ಸ್ವರದ ಪಾಠ ಮುಗಿಯಿತು. ವ್ಯಾಖ್ಯೆ ಬೇಕಾದರೆ ಆಮೇಲೆ ಬರೆಯಲಿ.

ಇದೇ ಉಪಾಯವನ್ನು ಇಟಲಿಯ ಅರೆಟ್ಸೊ ಊರಿನ ಗೈಡೊ ಎಂಬ ಸನ್ಯಾಸಿ ಹೂಡಿದ್ದ. ಅದು 11ನೆಯ ಶತಮಾನದ ಮೊದಲ ಭಾಗ, ಸೋಮೇಶ್ವರನಿಗಿಂತ ಸುಮಾರು ನೂರು ವರ್ಷ ಹಿಂದೆ. ಅವನ ಇಗರ್ಜಿಯ ಹುಡುಗರಿಗೆ ಹಾಡು ಕಲಿಯುವುದೆಂದರೆ ವರ್ಷಾನುಗಟ್ಟಲೆ ಬಾಯಿಪಾಠ. ಗೈಡೊ ಒಂದು ಸ್ತೋತ್ರವನ್ನು ತೆಗೆದುಕೊಂಡ. ಅದರ ಒಂದೊಂದು ಸಾಲೂ ಹಿಂದಿನ ಸಾಲಿಗಿಂತ ಒಂದು ಸ್ವರ ಮೇಲಿಂದ ಶುರುವಾಗುತ್ತಿತ್ತು. ಆ ಸಾಲುಗಳ ಮೊದಲ ಅಕ್ಷರಗಳೇ ಸ್ವರಗಳ ಹೆಸರಾದವು. ಜಗತ್ತು ಇಂದು ‘ದೊ ರೆ ಮಿ’ ಎನ್ನುವುದರ ಬೇರು ಅಲ್ಲಿದೆ. ಹತ್ತು ವರ್ಷದ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯಿತು ಎಂದು ಅವನು ಕೊಚ್ಚಿಕೊಂಡದ್ದೂ ಉಂಟು. ಲೆಕ್ಕ ಸ್ವಲ್ಪ ಉದಾರವಿರಬಹುದು, ದಾರಿ ಮಾತ್ರ ಸರಿಯಾದದ್ದು. 20ನೆಯ ಶತಮಾನದಲ್ಲಿ ಹಂಗೇರಿಯ ಜೋಲ್ತಾನ್ ಕೊದಾಯ್ (1882–1967) ತನ್ನ ದೇಶದ ಶಾಲೆಗಳಿಗೆ ಹಳ್ಳಿಯ ಹಾಡುಗಳನ್ನೇ ಸ್ವರಜ್ಞಾನದ ಮೊದಲ ಪುಸ್ತಕ ಮಾಡಿದ; ಒಂದೊಂದು ಸ್ವರಕ್ಕೆ ಒಂದೊಂದು ಕೈಸನ್ನೆ ಇಟ್ಟು, ಮಾತಿಲ್ಲದೆ ಇಡೀ ತರಗತಿಯನ್ನು ಹಾಡಿಸುವ ಇಂಗ್ಲೆಂಡಿನ ಹಳೆಯ ಪದ್ಧತಿಯನ್ನೂ ಜೊತೆಗೆ ಸೇರಿಸಿಕೊಂಡ.

ಕೈಸನ್ನೆಯ ಮಾತು ಬಂದರೆ ನಮ್ಮವರು ಬೇರೆಯವರ ಮನೆಗೆ ಹೋಗಬೇಕಾಗಿಲ್ಲ. ತಾಳವೇ ಕೈಸನ್ನೆ. ತೀನ್‌ತಾಲ ಎಂದರೆ 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ವಿಭಾಗ, 1, 5, 13ಕ್ಕೆ ಪೆಟ್ಟು, 9ಕ್ಕೆ ಖಾಲಿ. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಿದರೆ ಮಗ್ಗಿಯ ತಂಗಿಯಂತೆ ಕಾಣುತ್ತದೆ. ಮಕ್ಕಳನ್ನು ನಾಲ್ಕು ಸಾಲು ಮಾಡಿ ಕೂರಿಸಿ, ಒಂದೊಂದು ಸಾಲಿಗೆ ಒಂದೊಂದು ವಿಭಾಗ ಹಂಚಿ. ಮೂರನೆಯ ಸಾಲಿನವರು ಪೆಟ್ಟು ಹಾಕಬಾರದು, ಅಂಗೈ ಮೇಲೆ ಮಾಡಿ ಬೀಸಬೇಕು. ಮೊದಲ ಸುತ್ತಿನಲ್ಲಿ ಮೂರನೆಯ ಸಾಲು ಖಂಡಿತ ಮರೆತು ಚಪ್ಪಾಳೆ ತಟ್ಟುತ್ತದೆ, ಉಳಿದವರು ನಗುತ್ತಾರೆ. ಎರಡನೆಯ ಸುತ್ತಿಗೆ ‘ಖಾಲಿ’ ಎಂಬ ಪದ 40 ಮಕ್ಕಳಿಗೂ ತಿಳಿದಿರುತ್ತದೆ. ಸುತ್ತು ಮುಗಿದು ಮತ್ತೆ ಒಂದಕ್ಕೆ ಬಂದು ಎಲ್ಲರೂ ಕೂಡಿ ಹೊಡೆದ ಪೆಟ್ಟು ‘ಸಮ’ವೆಂದು ಹೇಳುವ ಮೊದಲೇ ಅವರ ಮೈಗೆ ಅದರ ರುಚಿ ಹತ್ತಿರುತ್ತದೆ.

ಲಯ ಕಲಿಸಲು ಗೋಡೆಯ ಗಡಿಯಾರ ಸಾಕು. ರಾಷ್ಟ್ರಗೀತೆಗೆ ಗೊತ್ತಾದ ಅವಧಿ 52 ಸೆಕೆಂಡು. ನಾಡಗೀತೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ 2 ನಿಮಿಷ 30 ಸೆಕೆಂಡು ಎಂದು ಗೊತ್ತುಮಾಡಿತು. ಒಬ್ಬ ಗಡಿಯಾರ ನೋಡಲಿ, ಉಳಿದವರು ಹಾಡುತ್ತ ಚಪ್ಪಾಳೆ ಎಣಿಸಲಿ. 52ಕ್ಕೆ ಮುಗಿಯಬೇಕಾದದ್ದು 60ಕ್ಕೆ ಮುಗಿದರೆ ಎಲ್ಲಿ ಎಳೆದೆವು? ಮಧ್ಯಲಯ, ವಿಲಂಬಿತ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ದ್ರುತದ ಪಾಠಕ್ಕೆ ಊರಿನ ಭಜನೆ ಇದೆ. ನಿಧಾನಕ್ಕೆ ಏರಿ, ಕೊನೆಗೆ ತಾಳಗಳು ಕಿಡಿ ಹಾರಿಸುವುದನ್ನು ಈ ಸೀಮೆಯ ಮಕ್ಕಳು ತೊಟ್ಟಿಲಿನಿಂದಲೇ ಕೇಳಿರುತ್ತಾರೆ.

ಈಗ ಒಂದು ಹಲಗೆ, ಒಂದು ಉಕ್ಕಿನ ತಂತಿ. ಈ ಪಾಠವನ್ನು ಸಂಗೀತದ ಮಾಸ್ತರು ಗಣಿತದ ಮಾಸ್ತರರ ಜೊತೆ ಕೂಡಿ ಮಾಡಿದರೆ ಇನ್ನೂ ಚೆಂದ. ಎರಡು ಮೊಳೆಗಳ ನಡುವೆ ಸರಿಯಾಗಿ 36 ಇಂಚು ತಂತಿ ಬಿಗಿಯಬೇಕು. ಮೀಟಿದರೆ ಬರುವ ದನಿ ಸ ಎಂದಿಟ್ಟುಕೊಳ್ಳೋಣ. ಚಾಕ್‌ಪೀಸಿನಿಂದ ಹಲಗೆಯ ಮೇಲೆ ಗುರುತು ಹಾಕಿ, ಆ ಗುರುತಿನಲ್ಲಿ ತಂತಿಯ ಕೆಳಗೆ ಒಂದು ಸಣ್ಣ ಮರದ ಬಿಲ್ಲೆ ಇಡಬೇಕು. ತಂತಿ 18 ಇಂಚಿಗೆ ಇಳಿದಾಗ ಅದೇ ಸ ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ. 24ಕ್ಕೆ ಪಂಚಮ. 27ಕ್ಕೆ ಮಧ್ಯಮ. 32ಕ್ಕೆ ರಿಷಭ. ಅರ್ಧ, ಮೂರರಲ್ಲಿ ಎರಡು, ನಾಲ್ಕರಲ್ಲಿ ಮೂರು, ಒಂಬತ್ತರಲ್ಲಿ ಎಂಟು: ಭಿನ್ನರಾಶಿ ಎಂದರೆ ಓಡುವ ಹುಡುಗನ ಕಿವಿಗೆ ಈ ಭಿನ್ನರಾಶಿಗಳು ಕೇಳಿಸುತ್ತವೆ. ಗುರುತು ತಪ್ಪಿ 23ಕ್ಕೆ ಬಿಲ್ಲೆ ಇಟ್ಟರೆ ‘ಸರ್, ಇದು ಬ್ಯಾರೆ ಅದ ರೀ’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗುತ್ತಾರೆ. ಆ ಕೂಗಿಗಾಗಿಯೇ ಒಂದೆರಡು ಸಲ ಬೇಕೆಂದೇ ತಪ್ಪಿಡುವುದು ಒಳ್ಳೆಯದು. ತಂತಿಯ ಉದ್ದದಿಂದ ಸ್ವರದ ಜಾಗ ಹೇಳುವ ಕ್ರಮವನ್ನು 17ನೆಯ ಶತಮಾನದಲ್ಲಿ ಅಹೋಬಲ ‘ಸಂಗೀತ ಪಾರಿಜಾತ’ದಲ್ಲಿ ಬಳಸಿದ; 36 ಇಂಚಿನ ತಂತಿ ಇಂದಿಗೂ ಹಿಂದೂಸ್ತಾನಿ ಪರೀಕ್ಷೆಯ ಪುಸ್ತಕಗಳಲ್ಲಿದೆ. ಪುಸ್ತಕದಲ್ಲಿ ಅದೊಂದು ಕೋಷ್ಟಕ, ಅಷ್ಟೇ. ಹಲಗೆಗೆ ಎರಡು ಮೊಳೆ ಹೊಡೆಯುವ ಶ್ರಮ ತೆಗೆದುಕೊಂಡವರು ಕಡಿಮೆ.

ವೀಣೆಯ ಭಾಗಗಳ ಹೆಸರು ಕಲಿಸಬೇಕೇ? ಬಸವಣ್ಣನವರು ತಮ್ಮ ಮೈಯನ್ನೇ ವೀಣೆಯಾಗಿ ಕಲ್ಪಿಸಿಕೊಂಡ ವಚನ ಈ ಸೀಮೆಯ ಮಕ್ಕಳಿಗೆ ಬಾಯಿಪಾಠ ಬರುತ್ತದೆ. ಮೈಯ ಯಾವ ಭಾಗ ದಂಡಿಗೆ, ಯಾವುದು ಸೋರೆಬುರುಡೆ, ಯಾವುದು ತಂತಿ ಎಂದು ಅದರಲ್ಲೇ ಇದೆ. 32 ರಾಗಗಳ ಮಾತೂ ಇದೆ. ಹಾಡಿನ ಪೀರಿಯಡ್ಡಿನಲ್ಲಿ ಒಬ್ಬ ಹುಡುಗನನ್ನು ಎದುರಿಗೆ ನಿಲ್ಲಿಸಿ ಅವನ ಮೈಮೇಲೆ ಭಾಗಗಳನ್ನು ತೋರಿಸುತ್ತ ಹೋದರೆ, ಚಿತ್ರಪಟದ ಖರ್ಚೂ ಉಳಿಯುತ್ತದೆ. ತಾಳಮಾನದ ಲೆಕ್ಕ ತಿಳಿಯದು, ಒಲಿದಂತೆ ಹಾಡುವೆ ಎಂಬ ಅರ್ಥದ ಇನ್ನೊಂದು ವಚನವೂ ಅವರದ್ದೇ ಎಂದು ನೆನಪಿಸುವ ಕಿಲಾಡಿ ವಿದ್ಯಾರ್ಥಿ ಇರುತ್ತಾನೆ. ಇರಲಿ. ವೀಣೆಯ ಕಟ್ಟಡವನ್ನು ಅಷ್ಟು ಚೆನ್ನಾಗಿ ಬಲ್ಲವರು ಹಾಗೆ ಹೇಳಿದ್ದನ್ನು ಓದುವ ರೀತಿಯೇ ಬೇರೆ.

ಇಲ್ಲಿಯವರೆಗೆ ಕಿವಿಯ ಪರವಾಗಿ ಮಾತಾಡಿದ್ದಾಯಿತು. ಹಾಗೆಂದು ‘ಗುರುಮುಖದಿಂದಲೇ ಕಲಿಯಬೇಕು, ಬರವಣಿಗೆ ಬೇಡ’ ಎಂಬ ವಾದವನ್ನು ಒಪ್ಪಲಾಗದು. ಒಬ್ಬ ಗುರು, ಇಬ್ಬರು ಶಿಷ್ಯರು, ಹನ್ನೆರಡು ವರ್ಷ ಎಂಬ ಲೆಕ್ಕ 40 ಮಕ್ಕಳ ತರಗತಿಗೆ ಹೊಂದುವುದಿಲ್ಲ. ಈ ತೊಡಕನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದವರು ವಿಷ್ಣು ದಿಗಂಬರ ಪಲುಸ್ಕರ್. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ದತ್ತ ಜಯಂತಿಯ ದಿನ ಮುಖದ ಹತ್ತಿರವೇ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಓದು ಕೈತಪ್ಪಿ ಮೀರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರಾದರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗ ಅದರ ಹಿಂದೆ ಯಾವ ಸಂಸ್ಥಾನಿಕನೂ ಇರಲಿಲ್ಲ. ಶುಲ್ಕ, ಜನರ ವಂತಿಗೆ, ತರಗತಿ, ಪಠ್ಯಪುಸ್ತಕ, ಸ್ವರಲಿಪಿ, ಪರೀಕ್ಷೆ. ಅತ್ತ ವಕೀಲಿ ಓದಿದ ವಿಷ್ಣು ನಾರಾಯಣ ಭಾತಖಂಡೆ (1860–1936) 1904ರಲ್ಲಿ ದಕ್ಷಿಣ ಸುತ್ತಿದರು. ಕರ್ನಾಟಕ ಸಂಗೀತದ ವೆಂಕಟಮಖಿಯ 72 ಮೇಳಗಳ ಯೋಜನೆಯಿಂದ ದಾರಿ ಹಿಡಿದು ಹಿಂದೂಸ್ತಾನಿ ರಾಗಗಳನ್ನು 10 ಥಾಟುಗಳಲ್ಲಿ ಇಟ್ಟರು. ಆ ವೆಂಕಟಮಖಿಯ ತಂದೆ ಗೋವಿಂದ ದೀಕ್ಷಿತ ತಂಜಾವೂರಿನಲ್ಲಿ ಮಂತ್ರಿಯಾಗಿದ್ದ ಕನ್ನಡ ಮೂಲದವನು. ಇನ್ನೂ ಹಿಂದೆ ಹೋದರೆ ಪುರಂದರದಾಸರು. ಸರಳೆ, ಜಂಟಿ, ಅಲಂಕಾರ, ಗೀತೆ ಎಂದು ಏರಿಸುತ್ತ ಹೋಗುವ ಕ್ರಮವನ್ನು ಪರಂಪರೆ ಅವರ ಹೆಸರಿನಲ್ಲೇ ಹೇಳುತ್ತದೆ. ಅದಕ್ಕಿಂತ ಗಟ್ಟಿಯಾದ ಪಾಠಯೋಜನೆ ಇಂದಿಗೂ ಯಾವ ಸಮಿತಿಯೂ ಬರೆದಿಲ್ಲ.

ಆ ಮೊದಲ ಪಾಠಗಳ ರಾಗ ಮಾಯಾಮಾಳವಗೌಳ, ಹಿಂದೂಸ್ತಾನಿಯವರ ಭೈರವ್ ಥಾಟ್. ಇದನ್ನೇ ಏಕೆ ಹಿಡಿದರು ಎಂದು ಮಕ್ಕಳೇ ಕಂಡುಹಿಡಿಯುವಂತೆ ಮಾಡಬಹುದು. ಸ ರಿ ಗ ಮ ಹಾಡಿಸಿ ನಿಲ್ಲಿಸಬೇಕು. ಪ ಧ ನಿ ಸ ಹಾಡಿಸಿ ನಿಲ್ಲಿಸಬೇಕು. ಎರಡೂ ಒಂದೇ ನಡಿಗೆ: ಸಣ್ಣ ಹೆಜ್ಜೆ, ದೊಡ್ಡ ಜಿಗಿತ, ಮತ್ತೆ ಸಣ್ಣ ಹೆಜ್ಜೆ. ಒಂದು ಅರ್ಧ ಬಂದರೆ ಇನ್ನೊಂದು ಅರ್ಧ ತಾನಾಗಿಯೇ ಬಂತು. ಪೂರ್ವಾಂಗ, ಉತ್ತರಾಂಗ ಎಂಬ ಎರಡು ಪಾರಿಭಾಷಿಕ ಪದ ಇಲ್ಲಿ ಬೋರ್ಡಿನ ಮೇಲೆ ಬರೆಯಲು ಸರಿಯಾದ ಹೊತ್ತು.

ಬರೆಯುವ ಮಾತು ಬಂದಾಗ ಹುಮನಾಬಾದ್ ತಾಲ್ಲೂಕಿನ ಜಲಸಂಗವಿ ನೆನಪಾಗುತ್ತದೆ. ಅಲ್ಲಿಯ ಚಾಲುಕ್ಯ ಗುಡಿಯ ಗೋಡೆಯಲ್ಲಿ ಒಬ್ಬ ಹೆಣ್ಣು ಬೆನ್ನು ಬಾಗಿಸಿ ನಿಂತು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಸೋಮೇಶ್ವರನ ತಂದೆ ವಿಕ್ರಮಾದಿತ್ಯನ ಹೊಗಳಿಕೆ. ಸಹಲಿಗೆ ಒಯ್ದ ಮಕ್ಕಳು ಅವಳ ಮುಂದೆ ಮೊಬೈಲ್ ಹಿಡಿದು ನಿಲ್ಲುತ್ತಾರೆ. ಅಲ್ಲೇ ಕೂರಿಸಿ, ಈಗಷ್ಟೇ ಬಸ್ಸಿನಲ್ಲಿ ಹಾಡಿಕೊಂಡು ಬಂದ ಹಾಡಿನ ಒಂದು ಸಾಲನ್ನು ಸ್ವರದಲ್ಲಿ ಬರೆಯಿರಿ ಎನ್ನಬಹುದು. ಮೊದಲು ಅವರದೇ ಗುರುತು: ಮೇಲೆ ಹೋದರೆ ಮೇಲ್ಗೆರೆ, ನಿಂತರೆ ಅಡ್ಡಗೆರೆ. 40 ಮಕ್ಕಳು 40 ಲಿಪಿ ಮಾಡುತ್ತಾರೆ. ಪಕ್ಕದವನದನ್ನು ಓದಿ ಹಾಡು ಎಂದಾಗ ಯಾರಿಗೂ ಬಾರದು. ಎಲ್ಲರೂ ಒಪ್ಪಿದ ಒಂದು ಲಿಪಿ ಏಕೆ ಬೇಕು ಎಂಬ ಪ್ರಶ್ನೆಗೆ ಆಮೇಲೆ ಮಾಸ್ತರು ಉತ್ತರ ಹೇಳಬೇಕಾಗಿಲ್ಲ. ಭಾತಖಂಡೆ ಪದ್ಧತಿಯಲ್ಲಿ ಕೋಮಲಕ್ಕೆ ಕೆಳಗೆ ಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಗೀಟು, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ ಎಂದರೆ ಹಿಡಿದುಕೊಳ್ಳುತ್ತಾರೆ.

ಕರ್ನಾಟಕದ ಶಾಲೆಗೆ ಮಾತ್ರ ಇರುವ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಎರಡು ಸಂಗೀತ ಪದ್ಧತಿಗಳು ಒಂದೇ ರಾಜ್ಯದಲ್ಲಿ, ಒಂದೇ ಶಬ್ದಗಳನ್ನು ಬೇರೆ ಅರ್ಥದಲ್ಲಿ ಬಳಸುತ್ತ ಬದುಕಿವೆ. ಬೀದರ ಜಿಲ್ಲೆಯ ಹುಡುಗಿ ‘ಶುದ್ಧ ರಿಷಭ’ ಎಂದರೆ ಒಂದು ಸ್ವರ. ಮೈಸೂರಿನ ಹುಡುಗಿ ಅದೇ ಮಾತಾಡಿದರೆ ಅದು ಇವಳ ಕೋಮಲ ರಿಷಭ. ಇವಳ ಶುದ್ಧ ರಿಷಭಕ್ಕೆ ಅಲ್ಲಿ ಚತುಶ್ರುತಿ ರಿಷಭ ಎಂದು ಹೆಸರು. ಪುಸ್ತಕ ಮಾತ್ರ ಓದಿದವರು ಇದರಲ್ಲಿ ವರ್ಷಗಟ್ಟಲೆ ಒದ್ದಾಡುತ್ತಾರೆ. ತಂತಿಯ ಹಲಗೆಯ ಮೇಲೆ 32 ಇಂಚಿನ ಗುರುತಿಗೆ ಎರಡೂ ಹೆಸರು ಬರೆದುಬಿಟ್ಟರೆ ಜಗಳ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅಂದಹಾಗೆ, ಕಲ್ಯಾಣಿ ರಾಗ ಕಲ್ಯಾಣದಲ್ಲೇ ಹುಟ್ಟಿದ್ದು ಎಂದು ಯಾರಾದರೂ ಅಭಿಮಾನದಿಂದ ಹೇಳಿದರೆ ಮಕ್ಕಳು ತಲೆಯಾಡಿಸದೆ ‘ಪುರಾವೆ ಏನ್ರಿ?’ ಎಂದು ಕೇಳಲಿ. ಹೆಸರು ಕೂಡಿದ್ದಷ್ಟೇ ಸಾಕ್ಷಿಯಾಗದು.

ಹುಮನಾಬಾದಿಗೆ ಅಂಟಿಕೊಂಡಂತಿರುವ ಮಾಣಿಕನಗರದಲ್ಲಿ ಈ ಎಲ್ಲ ಪಾಠಗಳ ಪ್ರಾತ್ಯಕ್ಷಿಕೆ ವರ್ಷವರ್ಷ ನಡೆಯುತ್ತದೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ದತ್ತ ಜಯಂತಿಯಂದೇ ಹುಟ್ಟಿದ ಮಾಣಿಕ ಪ್ರಭುಗಳು ಮರಾಠಿ, ಕನ್ನಡ, ಹಿಂದಿ, ಉರ್ದು, ಸಂಸ್ಕೃತಗಳಲ್ಲಿ ಪದ ಕಟ್ಟಿದವರು. 1865ರಲ್ಲಿ ಅವರು ಸಮಾಧಿಸ್ಥರಾದ ಮೇಲೂ ಸಂಸ್ಥಾನದ ದತ್ತ ಜಯಂತಿಗೆ ಗಾಯಕರು ಬಂದು ಸೇವೆ ಸಲ್ಲಿಸುವ ಪದ್ಧತಿ ನಿಂತಿಲ್ಲ. ಆ ಹಾಡಿನ ದರ್ಬಾರಿನಲ್ಲಿ ಮಕ್ಕಳನ್ನು ಕೂರಿಸುವ ಮೊದಲು ಒಬ್ಬೊಬ್ಬರಿಗೆ ಒಂದೇ ಕೆಲಸ ಕೊಡಬೇಕು, ಹತ್ತಲ್ಲ. ಒಬ್ಬನಿಗೆ ತಬಲೆಯ ಸಮ ಹಿಡಿಯುವುದು, ಒಬ್ಬಳಿಗೆ ಗಾಯಕರು ಮತ್ತೆ ಮತ್ತೆ ಯಾವ ಸ್ವರಕ್ಕೆ ಬಂದು ನಿಲ್ಲುತ್ತಾರೆ ಎಂದು ಗಮನಿಸುವುದು. ವಾದಿ ಸ್ವರದ ವ್ಯಾಖ್ಯೆ ಅವಳೇ ತನ್ನ ಮಾತಿನಲ್ಲಿ ತರುತ್ತಾಳೆ.

ಪರೀಕ್ಷೆಯನ್ನು ಬೈಯುವುದು ಸುಲಭ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು, ಗಾಂಧರ್ವ ಮಂಡಳದ ಪ್ರಾರಂಭಿಕ, ಪ್ರವೇಶಿಕಾ, ವಿಶಾರದಗಳು ಇಲ್ಲದಿದ್ದರೆ ಸಣ್ಣ ಊರುಗಳಲ್ಲಿ ಎಷ್ಟೋ ಪೇಟಿಗಳ ಮೇಲೆ ದೂಳು ಕೂತಿರುತ್ತಿತ್ತು. ಆದರೆ ಶಾಲೆಯ ಒಳಗಿನ ಪರೀಕ್ಷೆಯನ್ನಾದರೂ ಮಾಸ್ತರು ತಿರುವಿ ಹಾಕಬಹುದು. ಬರೆಯುವ ಪ್ರಶ್ನೆ ಎರಡಿರಲಿ, ಕೇಳುವ ಪ್ರಶ್ನೆ ಎಂಟಿರಲಿ. ಒಂದು ಉದಾಹರಣೆ: ತತ, ಸುಷಿರ, ಅವನದ್ಧ, ಘನ ಎಂದು ಭರತಮುನಿಯ ಕಾಲದಿಂದ ಬಂದ ವಾದ್ಯಗಳ ನಾಲ್ಕು ಜಾತಿ. ಊರಿನ ಜಾತ್ರೆಯಲ್ಲಿ ಕೇಳಿದ ವಾದ್ಯಗಳನ್ನು ಈ ನಾಲ್ಕರಲ್ಲಿ ಹಂಚಿ. ಏಕತಾರಿ ತತ, ಸನಾದಿ ಸುಷಿರ, ಹಲಗೆ ಅವನದ್ಧ, ತಾಳ ಘನ, ಇಲ್ಲಿಯವರೆಗೆ ಸಲೀಸು. ಪೇಟಿ? ಮನೆಗಳ ಮೇಲೆ ಬೆರಳಿಗೆ ಕೆಲಸ, ಆದರೆ ನುಡಿಯುವುದು ಗಾಳಿಯಿಂದ, ಒಳಗೆ ಕಂಪಿಸುವುದು ಹಿತ್ತಾಳೆಯ ನಾಲಿಗೆ. ಪೇಟಿ ಬಿಚ್ಚಿ ತೋರಿಸಿದರೆ ತರಗತಿ ಎರಡು ಪಕ್ಷವಾಗುತ್ತದೆ. ಸುಷಿರವೆಂದು ಬರೆದವನಿಗೂ ಘನವೆಂದು ವಾದಿಸಿದವನಿಗೂ ಅಂಕ ಕೊಡಬೇಕು, ಕಾರಣ ಹೇಳದೆ ಸುಮ್ಮನೆ ಬರೆದವನಿಗೆ ಮಾತ್ರ ಬೇಡ.

ಶಾರ್ಙ್ಗದೇವ ಗಾಯಕರಲ್ಲಿ ಐದು ಬಗೆ ಹೇಳುತ್ತಾನೆ. ಕೇಳುಗರನ್ನು ರಂಜಿಸುವವನು, ರಸದಲ್ಲಿ ಮುಳುಗುವವನು, ಅನುಕರಿಸುವವನು ಇತ್ಯಾದಿ. ಪಟ್ಟಿಯಲ್ಲಿ ಮೊದಲು ಬರುವವನು ‘ಶಿಕ್ಷಾಕಾರ’: ವಿದ್ಯೆಯನ್ನು ಕುಂದಿಸದೆ ಕಲಿಸಬಲ್ಲವನು. ಸಂಗೀತದ ಮೇಷ್ಟ್ರ ಹುದ್ದೆ ತುಂಬುವುದನ್ನು ಮುಂದೂಡುತ್ತಲೇ ಬರುವವರು ಈ ಪಟ್ಟಿಯನ್ನೊಮ್ಮೆ ನೋಡಬಹುದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಗಳು ಕಡ್ಡಾಯವಿರಲಿ ಎಂದಿತ್ತು. ಅದನ್ನು ಹೇಳಿ ಎರಡು ದಶಕ ದಾಟಿತು.

ಮೇಷ್ಟ್ರು ಬರುವ ತನಕ ಕನ್ನಡದ ಟೀಚರೇ ಮಾಡಬಹುದಾದ ಒಂದು ಮನೆಗೆಲಸವಿದೆ. ಮನೆಯ ಹಿರಿಯರಿಂದ ಒಂದು ಹಾಡು ಕೇಳಿ ಬನ್ನಿ. ಯಾವಾಗ ಹಾಡುತ್ತಿದ್ದರು ಎಂದೂ ಬರೆಯಿರಿ. ಬಸವಕಲ್ಯಾಣದಂಥ ಊರಲ್ಲಿ ಮರುದಿನ ಕನ್ನಡದ ತ್ರಿಪದಿ, ಮರಾಠಿ ಓವಿ, ದಖನಿ ಲಾಲಿ, ಲಂಬಾಣಿ ಹಾಡು, ತತ್ವಪದ ಒಂದೇ ಬೆಂಚಿನ ಮೇಲೆ ಬಂದು ಕೂರುತ್ತವೆ. ತ್ರಿಪದಿ ಪುಸ್ತಕದಲ್ಲಿ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ತುಂಡೊಂದು ಮರಳಿ ಬಂದು ನಾಲ್ಕರ ಅಳತೆ ತುಂಬಿಕೊಳ್ಳುತ್ತದೆ. ಆವರ್ತನ ಎಂಬ ಪದಕ್ಕೆ ಇದು ಮನೆಯಲ್ಲೇ ಸಿಕ್ಕ ಉದಾಹರಣೆ.

ಯಾರೋ ಒಬ್ಬ ಹುಡುಗಿ ಬರಿಗೈಯಲ್ಲಿ ಬರಬಹುದು. ‘ಆಯಿಗಿ ನೆನಪೇ ಬರವಲ್ದು ರೀ. ಬೀಸೋ ಕಲ್ಲು ಮಾರಿ ಭಾಳ ವರ್ಷ ಆಯ್ತು, ಕಲ್ಲಿಲ್ಲದ ಹಾಡು ಬಾಯಿಗಿ ಬರಾಂಗಿಲ್ಲ ಅಂತಾಳ.’ ಅವಳಿಗೆ ಸೊನ್ನೆ ಹಾಕಬಾರದು. ಸಂಜೆ ಮನೆಗೆ ಹೋಗಿ ಆಯಿಯ ಎದುರು ಕೂತು, ನೆಲದ ಮೇಲೆ ಒಂದು ತಾಟು ಬೋರಲು ಹಾಕಿ, ಅವಳ ಬಲಗೈ ಹಿಡಿದು ತಾಟಿನ ಮೇಲೆ ಸುತ್ತು ತಿರುಗಿಸಲು ಹೇಳಬೇಕು. ಐದಾರು ಸುತ್ತಾದರೂ ತಿರುಗಲಿ. ಮೊದಲು ಬರುವುದು ಪದವಲ್ಲ, ಬರಿಯ ಎಳೆತ. ಅದು ಎಷ್ಟು ಸುತ್ತಿಗೆ ಒಮ್ಮೆ ಮರಳಿ ಶುರುವಾಗುತ್ತದೆ ಎಂದು ಹುಡುಗಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಕೊಂಡು ಬರಲಿ.